ಊರಿನ ಹೆಸರೇ ಅಡವು

ಇಟಲಿಯ ಭೋಜನಪಟ್ಟಿಯಲ್ಲಿ ಅನೇಕ ಪದಾರ್ಥಗಳ ಹೆಸರಿನೊಳಗೆ ಊರಿನ ಹೆಸರು ಅಡಗಿರುತ್ತದೆ. ‘ಪಾರ್ಮಿಜಾನೊ ರೆಜ್ಜಾನೊ’ ಎಂದರೆ ಪಾರ್ಮಾ ಹಾಗೂ ರೆಜ್ಜೊ ಎಮಿಲಿಯಾ ಸೀಮೆಯದು ಎಂದಷ್ಟೇ ಅರ್ಥ. ಚೀಸ್ ಎಂಬ ಮಾತೇ ಅದರಲ್ಲಿಲ್ಲ!

ಅಲ್ಲಿನ ತಯಾರಕರ ಒಕ್ಕೂಟವು 1934ರಷ್ಟು ಹಳೆಯದು. ನಿಗದಿತ ಪ್ರದೇಶದ ಹಾಲು, ಕನಿಷ್ಠ 12 ತಿಂಗಳ ಮಾಗುವಿಕೆ, ತಪಾಸಣೆ. ಆ ಬಳಿಕವೇ ಮುದ್ರೆ. ‘ಪಾರ್ಮೆಸಾನ್’ ಎಂಬ ಪದವೂ ಈ ಹೆಸರನ್ನೇ ನೆನಪಿಗೆ ತರುತ್ತದೆಂದು ಐರೋಪ್ಯ ನ್ಯಾಯಾಲಯವು 2008ರಲ್ಲಿ ಅಭಿಪ್ರಾಯಪಟ್ಟಿತು.

ಲೆಕ್ಕಪರಿಶೋಧಕನಾದ ನನಗೆ ಹೆಚ್ಚು ಹಿಡಿಸಿದ ಸಂಗತಿ ಬೇರೆ. ಅಲ್ಲಿಯ ಕ್ರೆಡಿಟೊ ಎಮಿಲಿಯಾನೊ ಬ್ಯಾಂಕು ಮಾಗುತ್ತಿರುವ ಚೀಸ್ ಗಾಲಿಗಳನ್ನೇ ಅಡವಿರಿಸಿಕೊಂಡು, ಉಗ್ರಾಣದಲ್ಲಿ ಕಾಪಾಡಿ, ಸಾಲ ನೀಡುತ್ತದೆ. ಸರಕು ಮಾಗುವವರೆಗೆ ತಯಾರಕನ ದುಡಿಯುವ ಬಂಡವಾಳ ಸಿಲುಕಿಕೊಳ್ಳುವುದಿಲ್ಲ. ಕಂಡವರೆಲ್ಲ ಅದೇ ಹೆಸರಿನಲ್ಲಿ ಅಗ್ಗದ ಮಾಲು ಮಾರುವಂತಿದ್ದರೆ ಯಾವ ಬ್ಯಾಂಕು ತಾನೇ ಅದಕ್ಕೆ ಬೆಲೆ ಕಟ್ಟೀತು?

ನಮ್ಮಲ್ಲಿಯೂ 1999ರ ಭೌಗೋಳಿಕ ಸೂಚಕಗಳ ಕಾಯಿದೆಯು 2003ರಿಂದ ಜಾರಿಯಲ್ಲಿದೆ. ಧಾರವಾಡ ಪೇಡೆ, ಬ್ಯಾಡಗಿ ಮೆಣಸಿನಕಾಯಿಗಳ ಹೆಸರು ನೋಂದಣಿಯಾಗಿವೆ. ಆದರೆ ಅಷ್ಟರಿಂದಲೇ ಪ್ರತಿಯೊಬ್ಬ ತಯಾರಕನಿಗೂ ಆ ಹಕ್ಕು ದೊರೆಯದು. ಆತ ಅಧಿಕೃತ ಬಳಕೆದಾರನೆಂದು ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ನನ್ನ ಕಕ್ಷಿದಾರರಲ್ಲಿ ಈ ಬಗ್ಗೆ ವಿಚಾರಿಸಿದವರು ತೀರಾ ವಿರಳ. ರಿಟರ್ನ್ ಸಲ್ಲಿಕೆಯ ಕಡೆಯ ದಿನವಾದರೋ ಎಲ್ಲರಿಗೂ ಕಂಠಪಾಠ! ನಮ್ಮ ವಾಣಿಜ್ಯ ಸಂಸ್ಥೆಯು ತಿಂಗಳಿಗೊಂದು ದಿನವಾದರೂ ಈ ಅರ್ಜಿಗಳನ್ನು ತುಂಬಿಸಿಕೊಡುವ ವ್ಯವಸ್ಥೆ ಮಾಡಬೇಕು. ನನ್ನ ಸಮಯವನ್ನು ನಾನು ಉಚಿತವಾಗಿ ನೀಡಲು ಸಿದ್ಧನಿದ್ದೇನೆ.