ಮನೆಗೆ ಫೈಬರ್ ಬಂತು, ಬೀಗದ ಕೈ ಕೇಬಲ್‌ನವರ ಮೊಬೈಲಲ್ಲೇ ಉಳೀತು

ಸಾಗರ: ಐದಾರು ವರ್ಷದ ಹಿಂದೆ ಮಲೆನಾಡಿನ ಹಳ್ಳಿಗಳಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನೆಟ್‌ವರ್ಕ್ ಎಲ್ಲಿ ಸಿಗುತ್ತೆ? ಕೋವಿಡ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಮಕ್ಕಳು ಕೊಡೆ ಹಿಡಿದು ಗುಡ್ಡ ಹತ್ತಿದರು. 2021ರಲ್ಲಿ ಹೊಸನಗರ, ಸಾಗರ ಭಾಗದ ಊರುಗಳಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಅಭಿಯಾನವೇ ನಡೆಯಿತು.

ಈಗ ಎಲ್ಲ ಊರಿಗೂ ಇಂಟರ್ನೆಟ್ ಬಂದಿದೆ ಅಂತ ಹೇಳೋಕಾಗಲ್ಲ. ಆದರೆ ಕರೆಂಟ್ ಕಂಬ, ಅಡಿಕೆ ಮರ ಹಾದುಕೊಂಡು ಕಪ್ಪು ಫೈಬರ್ ಕೇಬಲ್ ತುಂಬಾ ಮನೆಗಳ ಜಗಲಿ ತನಕ ಬಂದಿದೆ. ಟಿವಿ ಪಕ್ಕದಲ್ಲಿ ಎರಡು ಕಡ್ಡಿ ಇರೋ ಬಿಳಿ ಡಬ್ಬಿ ಕೂತಿದೆ. ಪ್ರಶ್ನೆ ಬದಲಾಗಿದೆ. ಆ ಡಬ್ಬಿಯ ಯಜಮಾನ ಯಾರು?

ತಿಂಗಳ ಬಿಲ್ ಮನೆಯವರದ್ದು. ಕನೆಕ್ಷನ್‌ಗೆ ಕೊಟ್ಟ ಆಧಾರ್ ಮನೆಯವರದ್ದು. ಆದರೆ ರೂಟರ್ ಒಳಗೆ ಹೋಗೋ ಪಾಸ್‌ವರ್ಡ್ ಏನು ಅಂತ ಕೇಳಿದ್ರೆ ಸಿಗೋ ಉತ್ತರ, ‘ಅದು ಕೇಬಲ್‌ನೋರಿಗೆ ಗೊತ್ತು.’ ಸಮಸ್ಯೆ ಇರೋದೇ ಇಲ್ಲಿ.

ಹತ್ತು ನಿಮಿಷದ ಕೆಲಸ

ರೂಟರ್ ಕೂರಿಸೋಕೆ ಈಗ ಲ್ಯಾಪ್‌ಟಾಪ್ ಬೇಕಿಲ್ಲ. ಬಂದ ಹುಡುಗ ಕೇಬಲ್ ತುದಿ ಕತ್ತರಿಸಿ ಕನೆಕ್ಟರ್ ಹಾಕ್ತಾನೆ, ಪವರ್ ಕೊಡ್ತಾನೆ, ಕೆಂಪು ಲೈಟ್ ಹೋಗಿ ಹಸಿರು ಬಂತಾ ನೋಡ್ತಾನೆ. ಆಮೇಲೆ ಎಲ್ಲಾ ಅವನ ಮೊಬೈಲಲ್ಲೇ. ರೂಟರ್‌ನ ಪುಟ ತೆಗೆದು ಕಂಪನಿ ಕೊಟ್ಟ ಯೂಸರ್ ಐಡಿ ಹಾಕ್ತಾನೆ, ವೈಫೈಗೆ ಒಂದು ಹೆಸರು ಕೊಡ್ತಾನೆ. ಪಾಸ್‌ವರ್ಡ್‌ಗೆ ಮನೆಯವರ ಮೊಬೈಲ್ ನಂಬರ್, ಇಲ್ಲಾಂದ್ರೆ ಹೆಸರಿನ ಮುಂದೆ ಒಂದು ಎರಡು ಮೂರು. ‘ಅಮ್ಮಾ, ಬಂತು ನೋಡಿ’ ಅಂತ ಯೂಟ್ಯೂಬ್ ಹಾಕಿ ತೋರಿಸಿ ಮುಂದಿನ ಮನೆಗೆ ಹೊರಡ್ತಾನೆ.

ಇದರಲ್ಲಿ ಎರಡು ಪಾಸ್‌ವರ್ಡ್ ಇವೆ ಅನ್ನೋದು ಹೆಚ್ಚಿನವರಿಗೆ ಗೊತ್ತಾಗೋದೇ ಇಲ್ಲ. ಒಂದು ವೈಫೈ ಪಾಸ್‌ವರ್ಡ್, ಬಂದ ನೆಂಟರು ಕೇಳೋದು ಇದನ್ನೇ. ಇನ್ನೊಂದು ಅಡ್ಮಿನ್ ಪಾಸ್‌ವರ್ಡ್. ಯಾರಿಗೆ ಇಂಟರ್ನೆಟ್ ಸಿಗಬೇಕು, ಯಾರಿಗೆ ಬೇಡ, ವೈಫೈ ಹೆಸರೇನು ಅಂತ ತೀರ್ಮಾನ ಮಾಡೋದು ಇದು. ಮೊದಲನೆಯದು ಮನೆಯ ಬಾಗಿಲಾದರೆ ಎರಡನೆಯದು ಬೀಗವನ್ನೇ ಬದಲಿಸೋ ಅಧಿಕಾರ. ಆ ಎರಡನೆಯದು ಎಷ್ಟೋ ಮನೆಗಳಲ್ಲಿ ಫ್ಯಾಕ್ಟರಿಯಿಂದ ಬಂದ ಹಾಗೇ ಇರುತ್ತೆ. ಯೂಸರ್ ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್.

ತಪ್ಪು ಹುಡುಗರದ್ದು ಅಷ್ಟೇನಾ?

ಕೇಬಲ್ ಹುಡುಗರನ್ನು ಬೈದು ಮುಗಿಸೋ ವಿಷಯ ಇದಲ್ಲ. ಅವರ ಕಡೆಗೂ ಕಾರಣ ಇದೆ. ಮನೆಯವರು ಏನೋ ಒತ್ತಿ ಸೆಟ್ಟಿಂಗ್ ಅಳಿಸಿಕೊಂಡರೆ ಮಳೆಯಲ್ಲಿ ಬೈಕ್ ಹತ್ತಿ ಮತ್ತೆ ಬರಬೇಕಾದವನು ಅವನೇ. ಸಂಬಳ ಹೆಚ್ಚಾಗೋದು ಕನೆಕ್ಷನ್ ಲೆಕ್ಕದಲ್ಲೇ ಹೊರತು ಪಾಠ ಹೇಳಿಕೊಟ್ಟ ಲೆಕ್ಕದಲ್ಲಿ ಅಲ್ಲ. ಎಲ್ಲ ಮನೆಗೂ ಒಂದೇ ಪಾಸ್‌ವರ್ಡ್ ಇಟ್ಟರೆ ನೆನಪಿಟ್ಟುಕೊಳ್ಳೋದು ಸುಲಭ. ಕೆಲವು ಕಂಪನಿಗಳು ದೂರದಿಂದಲೇ ರಿಪೇರಿ ಮಾಡೋಕೆ ಅಂತ ರೂಟರ್‌ನ ಹಿಡಿತ ತಮ್ಮ ಹತ್ತಿರವೇ ಇಟ್ಟುಕೊಳ್ಳುತ್ತವೆ. ಲೈನ್ ಸರಿಮಾಡೋಕೆ ಅದರಿಂದ ಅನುಕೂಲವೂ ಇದೆ.

ಆದರೆ ಅದೇ ಅನುಕೂಲದ ಇನ್ನೊಂದು ಮುಖ ಏನಂದ್ರೆ, ಒಂದು ಮನೆಯ ಪಾಸ್‌ವರ್ಡ್ ಗೊತ್ತಾದವನಿಗೆ ಇಡೀ ಕೇರಿಯ ಪಾಸ್‌ವರ್ಡ್ ಗೊತ್ತಾದ ಹಾಗೆ. ಕೆಲಸ ಬಿಟ್ಟು ಹೋದ ಹುಡುಗನಿಗೂ ಅದು ಗೊತ್ತೇ ಇರುತ್ತೆ.

ಹೊರಗೆ ಕಾಣೋದು ಒಂದೇ ವಿಳಾಸ

‘ನಮ್ಮ ಮನೇಲಿ ಕದಿಯೋಕೆ ಏನಿದೆ, ಅನ್‌ಲಿಮಿಟೆಡ್ ಪ್ಲಾನ್ ತಾನೆ, ಪಕ್ಕದ ಮನೆಯೋರು ನೋಡ್ಕೊಂಡ್ರೆ ನೋಡ್ಕೊಳ್ಳಲಿ ಬಿಡಿ.’ ಈ ಮಾತು ಎಲ್ಲ ಕಡೆ ಕೇಳಿಬರುತ್ತೆ. ಡೇಟಾ ಲೆಕ್ಕದಲ್ಲಿ ಇದು ಸರಿ, ಕಾನೂನಿನ ಲೆಕ್ಕದಲ್ಲಿ ಅಲ್ಲ.

ಮನೆಯೊಳಗೆ ಹತ್ತು ಮೊಬೈಲ್ ಇದ್ದರೂ ಹೊರಗಿನ ಲೋಕಕ್ಕೆ ರೂಟರ್ ತೋರಿಸೋದು ಒಂದೇ ಐಪಿ ವಿಳಾಸ. ಯಾರೋ ಆ ವೈಫೈ ಹಿಡಿದು ಬೆದರಿಕೆ ಮೆಸೇಜ್ ಕಳಿಸಿದರೂ, ನಕಲಿ ಖಾತೆ ತೆರೆದು ಮೋಸ ಮಾಡಿದರೂ ತನಿಖೆ ಮಾಡೋರು ಆ ವಿಳಾಸ ಹಿಡಿದು ಬರೋದು ಕಂಪನಿ ಹತ್ತಿರ. ಆ ಹೊತ್ತಿಗೆ ಆ ವಿಳಾಸ ಯಾರಿಗೆ ಕೊಟ್ಟಿದ್ದು ಅಂತ ಕಂಪನಿ ತೆಗೆದುಕೊಡೋದು ಕನೆಕ್ಷನ್ ಇರೋ ಹೆಸರನ್ನು. ಸಿಸ್ಟಮ್‌ಗಳ ಲಾಗ್ ಅನ್ನು 180 ದಿನ ಇಟ್ಟುಕೊಂಡಿರಬೇಕು ಅಂತ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಹೊರಡಿಸಿದೆ. ಹಾಗಾಗಿ ಪೊಲೀಸರು ಮೊದಲು ಬಾಗಿಲು ತಟ್ಟೋದು ಬಿಲ್ ಕಟ್ಟೋರ ಮನೆಗೆ. ಅಷ್ಟಕ್ಕೇ ಅವರು ಅಪರಾಧಿ ಆಗಲ್ಲ, ನಿಜ. ಆದರೆ ‘ನಾವಲ್ಲ’ ಅಂತ ತೋರಿಸೋ ತಲೆನೋವು ಅವರದ್ದೇ.

ಇದು ಊಹೆ ಅಲ್ಲ. 2008ರ ಜುಲೈ 26ರಂದು ಅಹಮದಾಬಾದ್‌ನಲ್ಲಿ ಸರಣಿ ಬಾಂಬ್ ಸ್ಫೋಟ ಆಗೋ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಹೋಯಿತು. ಅದರ ಜಾಡು ಹಿಡಿದು ಪೊಲೀಸರು ತಲುಪಿದ್ದು ನವಿ ಮುಂಬೈನಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಪ್ರಜೆಯ ಮನೆಗೆ. ಅವರ ವೈಫೈಗೆ ಸರಿಯಾದ ರಕ್ಷಣೆ ಇರಲಿಲ್ಲ, ಬೇರೆ ಯಾರೋ ಅದನ್ನ ಬಳಸಿದ್ದರು. ಆ ಮನುಷ್ಯ ಮಾತ್ರ ವಿಚಾರಣೆ ಎದುರಿಸಬೇಕಾಯಿತು. ಇದಾದ ಮೇಲೆ 2009ರಲ್ಲಿ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷಿತವಾಗಿ ಬಳಸೋ ಬಗ್ಗೆ ಇಂಟರ್ನೆಟ್ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಅಷ್ಟು ವರ್ಷದ ಹಿಂದಿನ ಪಾಠ ಇನ್ನೂ ಜಗಲಿ ತನಕ ಬಂದಿಲ್ಲ.

ಅಡಿಕೆ ಕಾಯೋ ಕ್ಯಾಮೆರಾ ಕೂಡ ಇದೇ ಡಬ್ಬಿಗೆ

ಮಲೆನಾಡಿಗೆ ಇನ್ನೊಂದು ವಿಷಯ ಸೇರುತ್ತೆ. ಅಂಗಳದಲ್ಲಿ ಒಣಗೋ ಅಡಿಕೆ ಕಾಯೋಕೆ ತೋಟದ ಮನೆಗಳಲ್ಲಿ ಸಿಸಿಟಿವಿ ಹಾಕಿಸುವುದು ಈಗ ಮಾಮೂಲಿ. ಬೆಂಗಳೂರಲ್ಲಿರೋ ಮಗ ಮೊಬೈಲಲ್ಲಿ ನೋಡ್ತಾನೆ ಅನ್ನೋ ಧೈರ್ಯದಲ್ಲಿ ಅಪ್ಪ-ಅಮ್ಮ ಇಬ್ಬರೇ ಇರೋ ಮನೆಗಳೂ ಇವೆ. ಆ ಕ್ಯಾಮೆರಾ ಕೂಡ ಇದೇ ರೂಟರ್‌ಗೆ ಸೇರಿರುತ್ತೆ. ರೂಟರ್ ಕೈಗೆ ಸಿಕ್ಕವನು ಕ್ಯಾಮೆರಾದ ಹತ್ತಿರಕ್ಕೂ ಬಂದ ಹಾಗೆ. ಕ್ಯಾಮೆರಾದ ಪಾಸ್‌ವರ್ಡೂ ಫ್ಯಾಕ್ಟರಿಯದ್ದೇ ಆಗಿದ್ದರೆ, ಮನೇಲಿ ಯಾರಿದಾರೆ, ಯಾವಾಗ ಇರಲ್ಲ ಅಂತ ಬೇರೆಯವರೂ ನೋಡಬಹುದು.

ಫ್ಯಾಕ್ಟರಿ ಪಾಸ್‌ವರ್ಡ್ ಎಷ್ಟು ಅಪಾಯ ಅಂತ ಲೋಕಕ್ಕೆ ಗೊತ್ತಾಗಿದ್ದು 2016ರಲ್ಲಿ. ‘ಮಿರಾಯ್’ ಅನ್ನೋ ಮಾಲ್‌ವೇರ್ ಅರವತ್ತು ಚಿಲ್ಲರೆ ಫ್ಯಾಕ್ಟರಿ ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದುಕೊಂಡು ಮನೆಮನೆಯ ಕ್ಯಾಮೆರಾ, ರೂಟರ್‌ಗಳ ಒಳಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಅವೆಲ್ಲ ಒಟ್ಟಿಗೆ ಅಮೆರಿಕದ ಒಂದು ಕಂಪನಿ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳೇ ಎಷ್ಟೋ ಕಡೆ ತೆರೆಯದಂತಾದವು. ಇದಾದ ಮೇಲೆ ಕ್ಯಾಲಿಫೋರ್ನಿಯಾ 2020ರಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರೋದನ್ನ ಕಾನೂನು ಮಾಡಿ ತಡೆದವು. ಆದರೆ ಈಗಾಗಲೇ ನಮ್ಮ ಮನೆಗಳ ಗೋಡೆಗೆ ಹೊಡೆದಿರೋ ಡಬ್ಬಿಗಳನ್ನ ಯಾವ ದೇಶದ ಕಾನೂನೂ ಬಂದು ಸರಿಮಾಡಲ್ಲ. ಅದನ್ನ ಮನೆಯವರೇ ಮಾಡಿಕೊಳ್ಳಬೇಕು.

ಮೊಬೈಲಲ್ಲೇ ಮಾಡೋದು ಹೇಗೆ

ಕೇಬಲ್ ಹುಡುಗ ತನ್ನ ಮೊಬೈಲಲ್ಲಿ ಮಾಡಿದ್ದನ್ನ ಮನೆಯವರೂ ತಮ್ಮ ಮೊಬೈಲಲ್ಲಿ ಮಾಡಬಹುದು. ಒಂದು ಚಹಾ ಕುಡಿಯೋ ಹೊತ್ತು ಸಾಕು.

ಮೊದಲು ರೂಟರ್ ತಿರುಗಿಸಿ ಅಡಿಯಲ್ಲಿರೋ ಸ್ಟಿಕ್ಕರ್‌ನ ಫೋಟೋ ತೆಗೆದಿಟ್ಟುಕೊಳ್ಳಬೇಕು. ರೂಟರ್‌ನ ವಿಳಾಸ, ಮೊದಲ ಪಾಸ್‌ವರ್ಡ್ ಎಲ್ಲಾ ಅದರಲ್ಲಿರುತ್ತೆ.

ಎರಡನೆಯದು, ಮೊಬೈಲನ್ನು ಮನೆ ವೈಫೈಗೆ ಹಾಕಿ ಮೊಬೈಲ್ ಡೇಟಾ ಆಫ್ ಮಾಡಬೇಕು. ಎಷ್ಟೋ ಜನ ಎಡವೋದು ಇಲ್ಲೇ. ವೈಫೈಯಲ್ಲಿ ಇಂಟರ್ನೆಟ್ ಸರಿ ಇಲ್ಲ ಅನಿಸಿದರೆ ಫೋನ್ ತಾನಾಗೇ ಸಿಮ್ ಡೇಟಾಕ್ಕೆ ಹಾರುತ್ತೆ, ಆಗ ರೂಟರ್ ಪುಟ ತೆರೆಯೋದೇ ಇಲ್ಲ.

ಮೂರನೆಯದು, ಬ್ರೌಸರ್ ತೆಗೆದು ಮೇಲೆ ಸ್ಟಿಕ್ಕರ್‌ನಲ್ಲಿರೋ ವಿಳಾಸ ಹಾಕಬೇಕು. ಸಾಮಾನ್ಯವಾಗಿ ಅದು 192.168.1.1 ಅಥವಾ 192.168.0.1 ಇರುತ್ತೆ. ಗೂಗಲ್‌ನಲ್ಲಿ ಹುಡುಕೋದಲ್ಲ, ವಿಳಾಸದ ಜಾಗದಲ್ಲೇ ಬರೆಯಬೇಕು. ‘ಸುರಕ್ಷಿತವಲ್ಲ’ ಅಂತ ಬ್ರೌಸರ್ ಹೇಳಬಹುದು. ಪುಟ ಇರೋದು ಮನೆಯೊಳಗಿನ ಡಬ್ಬಿಯಲ್ಲೇ ಆದ್ದರಿಂದ ಹೆದರಬೇಕಿಲ್ಲ. ಕೆಲವು ಕಂಪನಿಗಳು ಇದಕ್ಕೆ ತಮ್ಮದೇ ಆಪ್ ಕೊಡುತ್ತವೆ. ಆಗ ಕೆಲಸ ಇನ್ನೂ ಸುಲಭ.

ಒಳಗೆ ಹೋದ ಮೇಲೆ ಮೊದಲ ಕೆಲಸ ಅಡ್ಮಿನ್ ಪಾಸ್‌ವರ್ಡ್ ಬದಲಿಸೋದು. ಆಮೇಲೆ ವೈಫೈ ಪಾಸ್‌ವರ್ಡ್. ಉದ್ದ ಇದ್ದಷ್ಟೂ ಒಳ್ಳೇದು. ಮೊಬೈಲ್ ನಂಬರ್, ಹುಟ್ಟಿದ ದಿನ ಬೇಡ. ತೋಟದ ಹೆಸರು, ದನದ ಹೆಸರು, ಒಂದಿಷ್ಟು ಅಂಕಿ ಸೇರಿಸಿದರೆ ಮನೆಯವರಿಗೆ ನೆನಪಿರುತ್ತೆ, ಹೊರಗಿನವರಿಗೆ ಹೊಳೆಯಲ್ಲ. 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ವೈಫೈ ಇದ್ದರೆ ಎರಡಕ್ಕೂ ಬದಲಿಸಬೇಕು. ಹಳೇ ಮನೆಗಳ ದಪ್ಪ ಗೋಡೆ ದಾಟಿ ಒಳಕೋಣೆ ತನಕ ಬರೋದು 2.4, ಎದುರಿಗೇ ಕೂತು ಕೆಲಸ ಮಾಡೋರಿಗೆ ವೇಗ ಕೊಡೋದು 5.

ಸೆಕ್ಯುರಿಟಿ ಅನ್ನೋ ಕಡೆ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇರಲಿ. ಡಬ್ಲ್ಯೂಪಿಎಸ್ ಅನ್ನೋದನ್ನ ಆಫ್ ಮಾಡೋದು ವಾಸಿ. ಗೆಸ್ಟ್ ನೆಟ್‌ವರ್ಕ್ ಅನ್ನೋ ಸೌಲಭ್ಯ ಇದ್ದರೆ ನೆಂಟರಿಗೆ ಅದನ್ನೇ ಕೊಡಬಹುದು. ಕನೆಕ್ಟೆಡ್ ಡಿವೈಸ್ ಪಟ್ಟಿಯಲ್ಲಿ ಯಾರ್‍ಯಾರ ಫೋನ್ ಇದೆ ಅಂತಾನೂ ಒಮ್ಮೆ ನೋಡಬಹುದು. ಮನೇಲಿ ನಾಲ್ಕು ಫೋನ್ ಇದ್ದು ಪಟ್ಟಿಯಲ್ಲಿ ಒಂಬತ್ತು ಕಂಡರೆ ವಿಷಯ ಅರ್ಥ ಆಗುತ್ತೆ.

ಸೇವ್ ಮಾಡಿದ ತಕ್ಷಣ ಎಲ್ಲ ಫೋನ್, ಟಿವಿ, ಕ್ಯಾಮೆರಾ ಕಟ್ ಆಗುತ್ತೆ. ಹಾಳಾಯ್ತು ಅಂತ ಗಾಬರಿ ಬೇಡ, ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಬೇಕು ಅಷ್ಟೆ. ಒಂದು ಫೋನ್ ಸೇರಿದ ಮೇಲೆ ವೈಫೈ ಶೇರ್ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತೆ, ಉಳಿದ ಫೋನ್‌ಗಳಲ್ಲಿ ಅದನ್ನ ಸ್ಕ್ಯಾನ್ ಮಾಡಿದರೆ ಆಯಿತು.

ಮುಟ್ಟಬಾರದ್ದು ಎರಡು. ಒಂದು, ವ್ಯಾನ್ ಅಥವಾ ಇಂಟರ್ನೆಟ್ ಸೆಟ್ಟಿಂಗ್ ಅನ್ನೋ ಪುಟ. ಕಂಪನಿಯ ಯೂಸರ್ ಐಡಿ ಇರೋದು ಅಲ್ಲಿ. ಇನ್ನೊಂದು, ರೂಟರ್ ಹಿಂದೆ ಸೂಜಿ ಹಾಕಿ ಒತ್ತೋ ರೀಸೆಟ್ ತೂತು. ಅದನ್ನ ಒತ್ತಿದರೆ ಎಲ್ಲ ಅಳಿಸಿಹೋಗಿ ಇಂಟರ್ನೆಟ್ಟೇ ನಿಲ್ಲುತ್ತೆ. ನೆಟ್ ನಿಧಾನ ಆದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸಾಕು, ಅದು ರೀಸ್ಟಾರ್ಟ್, ರೀಸೆಟ್ ಅಲ್ಲ. ಇನ್ನು, ‘ರೂಟರ್ ಅಪ್‌ಡೇಟ್ ಮಾಡ್ತೀವಿ, ಒಟಿಪಿ ಹೇಳಿ’ ಅಂತ ಫೋನ್ ಬಂದರೆ ಕಟ್ ಮಾಡೋದೇ ಸರಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು.

ಫ್ಯಾಕ್ಟರಿ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡದಿದ್ದರೆ ಯಾರೋ ಬದಲಿಸಿದ್ದಾರೆ ಅಂತ ಅರ್ಥ. ಆಗ ಕೇಬಲ್‌ನವರಿಗೆ ಫೋನ್ ಮಾಡಿ ಕೇಳಬೇಕು. ವೈಫೈ ಪಾಸ್‌ವರ್ಡ್ ಬದಲಿಸೋ ಅವಕಾಶವಾದರೂ ಕೊಡಿ ಅನ್ನೋದು ನ್ಯಾಯವಾದ ಬೇಡಿಕೆ.

ಕೇಬಲ್ ಎಳೆದರೆ ಮುಗೀತಾ?

ಪಂಚಾಯಿತಿಗಳಿಗೆ ಫೈಬರ್ ಎಳೆಯೋ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿ ವೆಚ್ಚದ ಪರಿಷ್ಕೃತ ಯೋಜನೆಗೆ ಸಂಪುಟ ಒಪ್ಪಿತು. ಸ್ಥಳೀಯ ಯುವಕರನ್ನೇ ಉದ್ಯಮಿಗಳಾಗಿ ಮಾಡಿ, ಆದಾಯ ಹಂಚಿಕೊಂಡು, ಅವರ ಮೂಲಕ ಮನೆಮನೆಗೆ ಕನೆಕ್ಷನ್ ಕೊಡೋದು ಅದರ ದಾರಿ. ಅಂದರೆ ಮುಂದೆ ಇನ್ನಷ್ಟು ಜಗಲಿಗೆ ಡಬ್ಬಿ ಬರುತ್ತೆ, ಅದನ್ನ ಕೂರಿಸೋರು ಊರಿನ ಹುಡುಗರೇ.

ಹಾಗಿರುವಾಗ ಎಣಿಕೆ ಬರೀ ಕಿಲೋಮೀಟರ್ ಕೇಬಲ್, ಕನೆಕ್ಷನ್ ಸಂಖ್ಯೆಯಲ್ಲಿ ನಿಂತರೆ ಆಗಲ್ಲ. ಗ್ಯಾಸ್ ಕನೆಕ್ಷನ್ ಕೊಟ್ಟವರು ರೆಗ್ಯುಲೇಟರ್ ಬಂದ್ ಮಾಡೋದು ಹೇಗೆ ಅಂತ ತೋರಿಸಿಯೇ ಹೋಗ್ತಾರೆ. ರೂಟರ್‌ಗೂ ಅದೇ ನಿಯಮ ಇರಲಿ. ಕೊನೆಯ ಹತ್ತು ನಿಮಿಷದ ಕೆಲಸವನ್ನ ಹುಡುಗ ತನ್ನ ಮೊಬೈಲಲ್ಲಿ ಅಲ್ಲ, ಮನೆಯವರ ಮೊಬೈಲಲ್ಲಿ ಅವರ ಕೈಯಲ್ಲೇ ಮಾಡಿಸಬೇಕು. ಎರಡೂ ಪಾಸ್‌ವರ್ಡ್ ಬರೆದ ಚೀಟಿ ಮನೆಯಲ್ಲಿರಬೇಕು. ಆ ಹತ್ತು ನಿಮಿಷಕ್ಕೂ ಹುಡುಗನಿಗೆ ಸಂಬಳ ಸಿಗಬೇಕು, ಇಲ್ಲಾಂದ್ರೆ ಯಾರೂ ಮಾಡಲ್ಲ.

ಮನೆಯಲ್ಲಿ ವಯಸ್ಸಾದವರು ಮಾತ್ರ ಇದ್ದರೆ? ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಾರಕ್ಕೊಂದು ಸಂಜೆ ಇದನ್ನ ಹೇಳಿಕೊಡಬಹುದು. ಹೈಸ್ಕೂಲ್ ಮಕ್ಕಳಿಗೆ ಇದು ಕಷ್ಟದ ವಿದ್ಯೆ ಏನಲ್ಲ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳು ಅವರೇ ತಾನೆ, ಅಜ್ಜಿಯ ಮನೆ ರೂಟರ್ ಸ್ಟಿಕ್ಕರ್ ಓದೋದು ಅವರಿಗೆ ಲೆಕ್ಕಕ್ಕಿಲ್ಲ.

ಅಲ್ಲಿ ತನಕ ಕಾಯಬೇಕಿಲ್ಲ. ಬಿಲ್ ಯಾರ ಹೆಸರಲ್ಲಿದೆಯೋ ಪೊಲೀಸರ ಮೊದಲ ಪ್ರಶ್ನೆಯೂ ಅವರಿಗೇ. ಹಾಗಾದರೆ ಪಾಸ್‌ವರ್ಡೂ ಅವರ ಹತ್ತಿರವೇ ಇರಬೇಕು.