ಇದನ್ನು ಪ್ರೇಮವೆಂದು ಕರೆಯಬೇಕೇ?

ಒಂದು ಹೆಣ್ಣಿನ ಕಣ್ಣಿನ ಬೆಳಕನ್ನು ಕಸಿದವನೇ ಮುಂದೆ ಆಕೆಯ ಕೈಹಿಡಿದು ನಡೆಸುವ ಪತಿಯಾದರೆ ಆ ಸಂಬಂಧವನ್ನು ಏನೆಂದು ಕರೆಯಬೇಕು? ಡಾನ್ ಕ್ಲೋರ್ಸ್ ನಿರ್ದೇಶಿಸಿ 2007ರಲ್ಲಿ ತೆರೆಕಂಡ ಅಮೇರಿಕದ ‘ಕ್ರೇಜಿ ಲವ್’ ಎಂಬ ಸಾಕ್ಷ್ಯಚಿತ್ರವು ಈ ಪ್ರಶ್ನೆಯನ್ನು ನೋಡುಗರ ಮುಂದಿಟ್ಟಿತು. ಕೆಲವರು ಅದರಲ್ಲಿ ವಿಚಿತ್ರ ಪ್ರೇಮಕಥೆಯನ್ನು ಕಂಡರು. ಕೆಲವರು ಬೆಚ್ಚಿಬಿದ್ದರು. ‘ಇಂಥವನನ್ನು ಆಕೆ ಮದುವೆಯಾದದ್ದಾದರೂ ಏಕೆ?’ ಎಂದು ಕೇಳಿದವರೂ ಇದ್ದಾರೆ. ಆದರೆ ಕೇಳಬೇಕಾದ ಪ್ರಶ್ನೆ ಇದೇ ಏನು?

ನ್ಯೂಯಾರ್ಕಿನ ವಕೀಲ ಬರ್ಟ್ ಪುಗಾಚ್ ವಿವಾಹಿತನಾಗಿದ್ದ. ಅದು ತಿಳಿದ ಮೇಲೆ ಲಿಂಡಾ ರಿಸ್ ಎಂಬ ತರುಣಿ ಅವನಿಂದ ದೂರ ಸರಿದಳು. ಅವನು ಬಿಡಲಿಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಬೆದರಿಸಿದ. ತನಗೆ ದಕ್ಕದಿದ್ದರೆ ಬೇರಾರಿಗೂ ದಕ್ಕಬಾರದೆಂಬುದೇ ಅವನ ಹಠವಾಗಿತ್ತು. ಲಿಂಡಾ ಮತ್ತೆ ಮತ್ತೆ ಪೊಲೀಸರ ಮೊರೆಹೋದಳು. ಫಲ ಸಿಗಲಿಲ್ಲ. ಬೇರೊಬ್ಬನೊಂದಿಗೆ ಆಕೆಯ ನಿಶ್ಚಿತಾರ್ಥದ ಸಮಾರಂಭ ನಡೆಯುತ್ತಿದ್ದಾಗಲೇ ‘ಇದು ಕೊನೆಯ ಅವಕಾಶ’ವೆಂಬ ಬೆದರಿಕೆಯ ಕರೆ ಬಂತು. ಆಗಲೂ ರಕ್ಷಣೆ ದೊರೆಯಲಿಲ್ಲ. ಮರುದಿನ, 1959ರ ಜೂನ್‌ನಲ್ಲಿ, ಅವನು ಹಣಕೊಟ್ಟು ಕಳಿಸಿದ ಗೂಂಡಾ ಆಕೆಯ ಮುಖಕ್ಕೆ ಸುಡುವ ಕ್ಷಾರವನ್ನು ಎರಚಿದ. ಒಂದು ಕಣ್ಣು ಹೋಯಿತು, ಇನ್ನೊಂದು ಬಹುಪಾಲು ಮಂಕಾಯಿತು.

ವಿಪರ್ಯಾಸವೆಂದರೆ, ಆ ಬಳಿಕ ಮೂರೂವರೆ ವರ್ಷ ಆಕೆಗೆ ಹಗಲಿರುಳು ಪೊಲೀಸ್ ಕಾವಲು ಒದಗಿತು! ಕಣ್ಣಿದ್ದಾಗ ಸಿಗದ ಕಾವಲು ಕಣ್ಣು ಹೋದ ಮೇಲೆ ಸಿಕ್ಕಿತು. ಲಿಂಡಾ ನಗರಾಡಳಿತದ ಮೇಲೆ ಮೊಕದ್ದಮೆ ಹೂಡಿದಳು. ಅದಕ್ಕೆ ಆಡಳಿತವನ್ನು ಹೊಣೆ ಮಾಡಲಾಗದೆಂದು 1968ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ಬಹುಮತದಿಂದ ತೀರ್ಪಿತ್ತಿತು.

ಪುಗಾಚ್ 14 ವರ್ಷ ಸೆರೆಮನೆಯಲ್ಲಿದ್ದ. ಹೊರಬಂದು ಟಿ.ವಿ.ಯಲ್ಲೇ ವಿವಾಹ ಪ್ರಸ್ತಾಪ ಮಾಡಿದ. 1974ರಲ್ಲಿ ಮದುವೆಯಾಯಿತು. 2013ರಲ್ಲಿ ಲಿಂಡಾ ಸಾಯುವ ತನಕವೂ ಆ ದಾಂಪತ್ಯ ಉಳಿಯಿತು. ಉಳಿಯಿತು ಎಂದ ಮಾತ್ರಕ್ಕೆ ಅಪರಾಧವು ಪ್ರೇಮವಾಗಿ ಬಿಡುತ್ತದೆಯೇ? 1997ರಲ್ಲಿ ಇನ್ನೊಬ್ಬ ಮಹಿಳೆಗೆ ಬೆದರಿಕೆ ಒಡ್ಡಿದನೆಂದು ಅದೇ ಮನುಷ್ಯ ಕಟಕಟೆಯಲ್ಲಿ ನಿಂತಿದ್ದ. ಅಂದೂ ಲಿಂಡಾ ಅವನ ಪರ ಸಾಕ್ಷಿ ನುಡಿದಳು. ದೃಷ್ಟಿ, ಯೌವನ, ಭವಿಷ್ಯ ಎಲ್ಲವನ್ನೂ ಕಳೆದುಕೊಂಡವಳ ಆಯ್ಕೆಯನ್ನು ಅಳೆಯಲು ನಾವಾರು? ಆಕೆಯ ಮೊರೆಗೆ ಕಿವಿಗೊಡದ ಸಮಾಜವೇ ಇಂದು ಆಕೆಯ ಆಯ್ಕೆಯನ್ನು ಕಂಡು ಅಚ್ಚರಿಪಡುತ್ತಿದೆ.

ಇದು ದೂರದ ಅಮೇರಿಕದ ಕತೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. 1999ರಲ್ಲಿ ಬೆಂಗಳೂರಿನಲ್ಲೇ, ಮದುವೆಗೆ ಒಪ್ಪದ ಯುವತಿಯೊಬ್ಬಳ ಮೇಲೆ ಆಕೆಯ ಹಿಂದಿನ ಮಾಲೀಕ ಆ್ಯಸಿಡ್ ಸುರಿದ. ಆಕೆ ದೃಷ್ಟಿ ಕಳೆದುಕೊಂಡಳು. ಅಪರಾಧಿಗೆ ಕರ್ನಾಟಕ ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿದ್ದು 2006ರಲ್ಲಿ. ಆ್ಯಸಿಡ್ ದಾಳಿಗೆ ಕನಿಷ್ಠ 10 ವರ್ಷಗಳ ಸಜೆ ಮತ್ತು ಹೆಣ್ಣನ್ನು ಹಿಂಬಾಲಿಸಿ ಪೀಡಿಸುವುದಕ್ಕೂ ಶಿಕ್ಷೆ ನಮ್ಮ ಕಾನೂನಿಗೆ ಸೇರಿದ್ದು 2013ರಲ್ಲಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅವು ಉಳಿದಿವೆ.

ಆದರೆ ಕಾನೂನು ಕೆಲಸ ಮಾಡಬೇಕಾದರೆ ಮೊದಲು ಮನೆಯವರು ಕಿವಿಗೊಡಬೇಕು. ‘ಒಬ್ಬ ಹಿಂದೆ ಬೀಳುತ್ತಿದ್ದಾನೆ’ ಎಂದು ಮಗಳು ಹೇಳಿದರೆ ನಾವೇನು ಮಾಡುತ್ತೇವೆ? ನೀನೇ ಏನೋ ಮಾಡಿರಬೇಕು ಎನ್ನುತ್ತೇವೆ. ಕಾಲೇಜು ಬಿಡಿಸುತ್ತೇವೆ. ಮರ್ಯಾದೆಗೆ ಅಂಜಿ ಠಾಣೆಯ ಮೆಟ್ಟಿಲು ಹತ್ತುವುದಿಲ್ಲ. ಪೀಡಿಸಿದವನು ಬೀದಿಯಲ್ಲಿ ಓಡಾಡಿಕೊಂಡಿರುತ್ತಾನೆ, ಶಿಕ್ಷೆ ಮಾತ್ರ ಮಗಳಿಗೆ. ಇನ್ನು, ‘ಬೇಡ’ ಎಂಬ ಮಾತನ್ನು ಸಹಿಸಿಕೊಳ್ಳುವುದು ಹೇಗೆಂದು ನಮ್ಮ ಗಂಡುಮಕ್ಕಳಿಗೆ ನಾವೆಂದಾದರೂ ಕಲಿಸಿದ್ದೇವೆಯೇ?

ಲಿಂಡಾ ಅವನನ್ನೇಕೆ ವರಿಸಿದಳೆಂದು ಕೇಳುವ ಮುನ್ನ, ಆಕೆ ಕೂಗಿದಾಗ ಯಾರೂ ಏಕೆ ಕೇಳಲಿಲ್ಲವೆಂದು ಕೇಳೋಣ. ಅದೇ ಪ್ರಶ್ನೆಯನ್ನು ನಮ್ಮ ಮನೆಗಳೊಳಗೂ ಕೇಳಿಕೊಳ್ಳೋಣ.