ಕಣಜ ಹಿಗ್ಗಿಸೋ ಮೊದಲು ಹೆಗ್ಗಣ ಹುಡುಕಿ

ಸರ್ವರ್‌ನಲ್ಲಿ ‘ಡಿಸ್ಕ್ ಫುಲ್’ ಅಂತ ಅಲರ್ಟ್ ಬಂದ ಕೂಡಲೇ ನಮ್ಮವರ ಪರಿಹಾರ ಒಂದೇ: ಇನ್ನೊಂದು 100 ಜಿಬಿ ಸೇರಿಸು, ಟಿಕೆಟ್ ಮುಚ್ಚು. ಇದು ಇಂಜಿನಿಯರಿಂಗ್ ಆದ್ರೆ, ಕಣಜಕ್ಕೆ ಹೆಗ್ಗಣ ಬಿದ್ದಾಗ ಇನ್ನೊಂದು ಕಣಜ ಕಟ್ಟೋದನ್ನು ಬೇಸಾಯ ಅನ್ನಬೇಕು.

ತಿಂದವರನ್ನು ಹುಡುಕೋದು ಬ್ರಹ್ಮವಿದ್ಯೆಯೇನಲ್ಲ. ‘ಡಿಎಫ್’ ಒಟ್ಟು ಲೆಕ್ಕ ಕೊಡುತ್ತೆ, ‘ಡಿಯು’ ಫೋಲ್ಡರ್‌ವಾರು ಲೆಕ್ಕ ಕೊಡುತ್ತೆ. ಎರಡೂ ತಾಳೆಯಾಗ್ತಿಲ್ವಾ? ಹೆಚ್ಚಿನ ಸಲ ಯಾರೋ ದೊಡ್ಡ ಲಾಗ್ ಫೈಲ್ ಅಳಿಸಿರ್ತಾರೆ, ಆದ್ರೆ ಯಾವುದೋ ಪ್ರೋಸೆಸ್ ಅದನ್ನಿನ್ನೂ ತೆರೆದಿಟ್ಟುಕೊಂಡಿರುತ್ತೆ. ಲಿನಕ್ಸ್‌ನಲ್ಲಿ ಹೆಸರು ಅಳಿಸಿದ ಮಾತ್ರಕ್ಕೆ ಜಾಗ ಬಿಡುಗಡೆಯಾಗಲ್ಲ, ಹಿಡಿದವನು ಕೈಬಿಡಬೇಕು. ‘ಎಲ್‌ಎಸ್‌ಒಎಫ್’ ಕೇಳಿ, ಕಳ್ಳನ ಹೆಸರು ಹೇಳುತ್ತೆ. ಜಾಗವಿದ್ದೂ ‘ಫುಲ್’ ಅಂದ್ರೆ ಐನೋಡ್ ನೋಡಿ. ಲಕ್ಷಾಂತರ ಚಿಲ್ಲರೆ ಫೈಲುಗಳು ಅದನ್ನು ಮುಗಿಸಿರಬಹುದು.

ರಾತ್ರಿ 2 ಗಂಟೆಗೆ ಡೇಟಾಬೇಸ್ ನಿಂತಿದ್ದರೆ ಜಾಗ ಸೇರಿಸಿ, ತಪ್ಪಲ್ಲ. ಬೆಳಗಾದ ಮೇಲೂ ಕಾರಣ ಹುಡುಕದಿದ್ದರೆ ಅದು ತಪ್ಪು.

‘ಡಿಸ್ಕ್ ಈಗ ಅಗ್ಗ ಬಿಡಿ’ ಅಂತೀರಾ? ಅಮೆಜಾನ್ ಕ್ಲೌಡಿನ ಇಬಿಎಸ್ ವಾಲ್ಯೂಮನ್ನು ಹಿಗ್ಗಿಸಬಹುದು, ಕುಗ್ಗಿಸೋಕೆ ಬರಲ್ಲ. ಬಾಡಿಗೆ ಮಾತ್ರ ತಿಂಗಳು ತಿಂಗಳೂ ಏರಿದ ಲೆಕ್ಕದಲ್ಲೇ ಬರುತ್ತೆ. ಲಾಗ್‌ರೊಟೇಟ್‌ಗೆ ನಾಲ್ಕು ಸಾಲು ಬರೆಯದ ನಮ್ಮ ಸೋಮಾರಿತನಕ್ಕೆ ಕಟ್ಟೋ ಕಂದಾಯ ಅದು.